ಪ್ರಚಾರಕ್ಕೆ ಹೊರಟ ದನಿ

ಅಬ್ಬಾ ತೀರಿಕೊಂಡ ಮೇಲೆ ಅವರ ದನಿಯನ್ನು ನಾನು ಮೊದಲ ಸಲ ಕೇಳಿದ್ದು ಜತ್ತ ಬಸ್‌ಸ್ಟ್ಯಾಂಡಿನ ಹೊರಗೆ, ಕೊತ್ತಂಬರಿ ಸಿವುಡಿಗೆ ಚೌಕಾಶಿ ಮಾಡುತ್ತಿದ್ದಾಗ. ಮಣ್ಣು ಕೊಟ್ಟು ಇನ್ನೂ ತಿಂಗಳು ತುಂಬಿರಲಿಲ್ಲ. ಬೆನ್ನ ಹಿಂದಿನಿಂದ ಅದೇ ಗೊಗ್ಗರು ದನಿ ಕರೆಯಿತು: "ತಾಯಂದಿರ, ಅಣ್ಣಂದಿರ, ಕೈಯಾಗಿನ ಕೆಲಸಾ ಬಿಟ್ಟು ಒಮ್ಮಿ ಹೊರಗ ಬರ್ರಿ." ನಾನು ತಿರುಗಿ ನೋಡುವ ಮೊದಲೇ "ಬಂದ್ನಿ, ಅಬ್ಬಾ" ಎಂದುಬಿಟ್ಟಿದ್ದೆ.

ತಿರುಗಿದರೆ ಒಂದು ಟೆಂಪೊ. ಅದರ ನೆತ್ತಿಯ ಮೇಲೆ ಮೈಕಿನ ಎರಡು ಭೋಂಗಾ, ಪಕ್ಕಕ್ಕೆ ವೋಟಿಗೆ ನಿಂತ ಉಮೇದವಾರನೊಬ್ಬನ ನಗುವ ಮುಖದ ಪೋಸ್ಟರು. ಒಳಗೆ ಡ್ರೈವರ್ ಒಬ್ಬನೇ ಕೂತು ತಂಬಾಕು ತಿಕ್ಕುತ್ತಿದ್ದ. ಕಾಯಿಪಲ್ಲೆಯ ಹೆಂಗಸು ಅರ್ಧ ಎದ್ದು ನಿಂತಳು.

"ನಿಮ್ಮಪ್ಪನ ದನಿ ಅಲ್ಲೇನ್ರಿ, ಬಾಯಾರ? ಹೋಗಿಬಿಟ್ರು ಅಂದಿದ್ರಲ್ರಿ?"

"ಹೋಗ್ಯಾರ."

"ಮತ್ತ ಇದು?"

"ಇದು ನಿವಡಣೂಕ" ಎಂದೆ. ನಮ್ಮ ಕಡೆ ಚುನಾವಣೆಗೆ ಮರಾಠಿಯ ಈ ಮಾತೇ ರೂಢಿ. ಆಕೆ ತಲೆ ಅಲ್ಲಾಡಿಸಿದಳು, ಎಲ್ಲಾ ಅರ್ಥವಾದವಳ ಹಾಗೆ. ಕೊತ್ತಂಬರಿ ಅಲ್ಲೇ ಬಿಟ್ಟು ನಾನು ಮನೆಗೆ ಓಡಿದೆ. ಆ ಟೆಂಪೊ ನಮ್ಮ ಓಣಿಗೂ ಬರುತ್ತದೆ ಎಂದು ನನಗೆ ಗೊತ್ತಿತ್ತು, ಮನೆಯಲ್ಲಿ ಅಮ್ಮಾ ಇದ್ದಳು.

ನಾವು ನದಾಫರು. ಹತ್ತಿ ಹಿಂಜಿ ಗಾದಿ ಹೊಲಿಯುವುದು ನಮ್ಮ ಕಸುಬು. ಮನೆ ಜತ್ತದ ಹೊರ ಅಂಚಿಗಿದೆ. ನಾನು ಸಣ್ಣವಳಿದ್ದಾಗ ಅಲ್ಲಿ ಜೋಳದ ಹೊಲಗಳಿದ್ದವು, ಈಗ ಕಲ್ಲು ನೆಟ್ಟು ಪ್ಲಾಟು ಮಾಡಿ ಮಾರುತ್ತಾರೆ. ಅಬ್ಬಾ ದಖನಿ ಉರ್ದು ಮಾತಾಡುವ ಮನೆಯವರು. ಅಮ್ಮಾ ಬೆಳುಂಕಿಯ ಕಡೆಯವಳು, ಕನ್ನಡ ಬಿಟ್ಟರೆ ಬೇರೆ ಮಾತು ನಾಲಿಗೆಗೆ ಹತ್ತದವಳು. ಮದುವೆಯಾದ ವರ್ಷದೊಳಗೆ ಅಬ್ಬಾನ ಬಾಯಿಯನ್ನೂ ಅವಳು ಕನ್ನಡಕ್ಕೆ ತಿರುಗಿಸಿದಳಂತೆ. ನಾನು ಇಬ್ಬರ ಒಬ್ಬಳೇ ಮಗಳು, ಜಿಲ್ಲಾ ಪರಿಷತ್ತಿನ ಕನ್ನಡ ಸಾಲೆಯಲ್ಲಿ ಮಾಸ್ತರಿಕೆ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೇಳುವವರಿಗೆ ಕೊಡುವ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ನಮ್ಮ ಮತಕ್ಷೇತ್ರದ ರಾಜಕಾರಣ ತಿಳಿಯಬೇಕಾದರೆ ಒಂದು ಸಂಗತಿ ತಿಳಿದರೆ ಸಾಕು. ಪಡುವಣ ಭಾಗ ಮರಾಠಿ, ಮೂಡಣ ಭಾಗ ಕನ್ನಡ. ಭಾಷಣ ಪಡುವಣದಿಂದ ಬರುತ್ತದೆ, ಗೆಲುವು ಸೋಲು ಮೂಡಣದ ಹಳ್ಳಿಗಳಲ್ಲಿ ತೀರ್ಮಾನವಾಗುತ್ತದೆ. ನಮ್ಮವರಿಗೆ ಮರಾಠಿ ಬರುವುದಿಲ್ಲವೆಂದಲ್ಲ. ಕಚೇರಿ, ಸಂತೆ, ಕೋರ್ಟು ಎಲ್ಲಾ ಅದರಲ್ಲೇ ನಡೆಯುತ್ತದೆ. ಆದರೆ ವೋಟು ಕೇಳಲು ಬಂದವನು ಮನೆ ಮಾತಿನಲ್ಲಿ ಕೇಳಬೇಕು ಎಂಬುದು ಒಂದು ಹಟ. ಸಾಲ ಕೇಳುವವನು ಕುಂತು ಕೇಳಬೇಕು ಎಂಬ ಹಾಗೆ.

ಅಬ್ಬಾ ಈ ಕೆಲಸಕ್ಕೆ ಬಿದ್ದದ್ದು ಮೂಡಣ ಭಾಗದ ಬಾಲಗಾಂವದಲ್ಲಿ, ಒಂದು ಮದುವೆ ಮನೆಗೆ ಗಾದಿ ಮುಟ್ಟಿಸಲು ಹೋದಾಗ. ಆಗ ನಮ್ಮ ಕ್ಷೇತ್ರ ಮೀಸಲು. ಯಾರೋ ಒಬ್ಬ ಉಮೇದವಾರ ಗುಡಿಯ ಕಟ್ಟೆಯ ಮೇಲೆ ನಿಂತು ಒಳ್ಳೆಯ ಮರಾಠಿಯಲ್ಲಿ ಗಂಟಲು ಹರಿಯುವಂತೆ ಮಾತಾಡುತ್ತಿದ್ದ. ಕೆಳಗೆ ಕೂತವರು ಮರ್ಯಾದೆಯಿಂದ ಆಕಳಿಸುತ್ತಿದ್ದರು. ಗಾದಿಯನ್ನು ತಲೆಯ ಮೇಲೆ ಹೊತ್ತೇ ನಿಂತಿದ್ದ ಅಬ್ಬಾ, "ಸಾಹೇಬರು ಹೇಳೂದು ಇಷ್ಟ: ಅವರು ಗೆದ್ರ ನೀರು ತರ್ತಾರಂತ, ಸೋತ್ರ ಮತ್ತ ಬರ್ತಾರಂತ" ಎಂದರು. ಜನ ಬಿದ್ದು ಬಿದ್ದು ನಕ್ಕರು. ಉಮೇದವಾರ ಜಾಣ, ಸಿಟ್ಟಾಗಲಿಲ್ಲ. ಗಾದಿ ಇಳಿಸಿ ಬಾ ಎಂದು ಅಬ್ಬಾನನ್ನು ಕಟ್ಟೆ ಹತ್ತಿಸಿದ. ಆ ದಿನದಿಂದ ಹತ್ತಿಯ ಸೀಜನ್ನಿನ ಹಾಗೆ ನಮ್ಮ ಮನೆಗೆ ನಿವಡಣೂಕಿಯ ಸೀಜನ್ನು ಸೇರಿಕೊಂಡಿತು.

ಅಬ್ಬಾ ಒಬ್ಬರಿಗೆ ಎಂದು ದನಿ ಕೊಟ್ಟವರಲ್ಲ, ಬಂದವರಿಗೆಲ್ಲ ಕೊಟ್ಟರು. ಕ್ಷೇತ್ರದ ಮೀಸಲು ಹೋಗಿ ಖುಲ್ಲಾ ಆಯಿತು. ಮುಖಗಳು ಬದಲಾದವು, ಜೀಪು ಬದಲಾದವು. ಒಬ್ಬರ ಬಲಗೈಯಾಗಿದ್ದವರು ಮುಂದಿನ ಸಲ ಎದುರು ನಿಂತರು. ಕಡೆಕಡೆಗೆ ಪಕ್ಷಗಳೇ ನಡುವೆ ಸೀಳಿ, ಎರಡೂ ತುಂಡು ತಾನೇ ಅಸಲಿ ಎಂದು ಹೇಳತೊಡಗಿದವು. ಅಬ್ಬಾ ಎರಡರ ಪರವಾಗಿಯೂ "ಇದ ಅಸಲಿ" ಎಂದು ಹೇಳಿದ್ದಾರೆ. ಯಾವ ಪಕ್ಷ ಚಲೋ ಎಂದು ಕೇಳಿದರೆ "ಎಲ್ಲಾರ ಮನಿ ದ್ವಾಸಿನೂ ತೂತ" ಎನ್ನುವರು. ತಮ್ಮ ವೋಟು ಯಾರಿಗೆಂದು ಅಮ್ಮಾಗೂ ಹೇಳಲಿಲ್ಲ.

ದನಿ ಹಿಡಿಯುತ್ತಿದ್ದದ್ದು ನಮ್ಮ ಮನೆಯ ಒಳಕೋಣೆಯಲ್ಲಿ. ಅಲ್ಲಿ ಹೊಲಿದ ಗಾದಿಗಳನ್ನು ಗೋಡೆಗೆ ಆನಿಸಿ ನಿಲ್ಲಿಸಿರುತ್ತಿದ್ದರು. ಮಾತು ಎಲ್ಲಿಗೂ ಹೊಡೆದು ವಾಪಸ್ ಬರುತ್ತಿರಲಿಲ್ಲ. ಅಂಥ ಕೋಣೆ ಸಾಂಗಲಿಯಲ್ಲೂ ಸಿಗುವುದಿಲ್ಲ ಎಂದು ಭೋಂಗಾದವರೇ ಹೊಗಳುತ್ತಿದ್ದರು. ಅಬ್ಬಾ ಗಾದಿಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂರುವರು, ಮುಂದೆ ದನಿ ಹಿಡಿಯಲು ಮೊದಲ ವರ್ಷಗಳಲ್ಲಿ ಕ್ಯಾಸೆಟ್ಟಿನ ಡಬ್ಬಿ, ಆಮೇಲೆ ಮೊಬೈಲು. ಅಮ್ಮಾ ಪಕ್ಕದಲ್ಲೇ ಚಹಾ ಸೋಸುವಳು. ಸುಮ್ಮನಿರು ಎಂದರೆ ಬಾಯಿ ಮುಚ್ಚುತ್ತಿದ್ದಳು, ಬಳೆಗಳಿಗೆ ಯಾರು ಹೇಳಬೇಕು? ಹೀಗಾಗಿ ನಮ್ಮ ಕ್ಷೇತ್ರದ ಎಷ್ಟೋ ಉಮೇದವಾರರ ಹೆಸರಿನ ಹಿಂದೆ, ಕಿವಿಗೊಟ್ಟು ಕೇಳಿದರೆ, ನಮ್ಮಮ್ಮನ ಗಾಜಿನ ಬಳೆಗಳ ಸಪ್ಪಳವಿದೆ. ಅವಳನ್ನು ಕಾಡಿಸಲೆಂದೇ ಅಬ್ಬಾ ಒಂದು ಸಾಲು ಸೇರಿಸಿದ್ದರು. "ಚಹಾ ಆಮ್ಯಾಲ ಮಾಡ್ರಿ, ಮದಲ ಹೊರಗ ಬರ್ರಿ." ಊರೆಲ್ಲ ಅದನ್ನು ತಮಗೆ ಹೇಳಿದ್ದೆಂದು ತಿಳಿದು ನಗುತ್ತಿತ್ತು.

ಇನ್ನೊಂದು ಮಾತು ಹೇಳಬೇಕು. ಹತ್ತಿಯ ದೂಳು ಅಬ್ಬಾನ ಎದೆಯೊಳಗೆ ಕೂತಿತ್ತು. ಉದ್ದ ಸಾಲನ್ನು ಒಂದೇ ಉಸಿರಿಗೆ ಹೇಳಲು ಆಗುತ್ತಿರಲಿಲ್ಲ. "ನಿಮ್ಮ ಹೊಲಕ್ಕ" ಎಂದು ನಿಲ್ಲಿಸಿ, ಒಳಕ್ಕೆ ಎಳೆಯುವ ಉಸಿರು ಕೇಳಿಸಿ, ಆಮೇಲೆ "ನೀರು ಬರತೈತಿ" ಎನ್ನುವರು. ಆ ನಡುವಿನ ಗಳಿಗೆಗೆ ಜನ ಕಾಯುತ್ತಿದ್ದರು. ಎದೆ ತುಂಬಿ ಬಂದು ಹಾಗೆ ನಿಲ್ಲಿಸುತ್ತಾನೆ ಎಂದು ಕೆಲವರ ನಂಬಿಕೆ. ಪ್ರತಿ ನಿವಡಣೂಕಿಯಲ್ಲಿ ಈ ನೀರು ಬರುತ್ತಿತ್ತು. ನಿಜವಾಗಿ ಕೆಲವು ಕಡೆ ಬಂತು, ಹಲವು ಕಡೆ ಬರಲಿಲ್ಲ. ಮೂಡಣದ ಹಳ್ಳಿಗಳು ಸಿಟ್ಟಾಗಿ ಗಡಿ ದಾಟಿ ಆ ಕಡೆಯ ಕನ್ನಡ ರಾಜ್ಯಕ್ಕೆ ಸೇರುತ್ತೇವೆ ಎಂದದ್ದೂ ಉಂಟು. ಒಂದು ದಿನ ನಾನು ಅಬ್ಬಾನ ಜತೆ ಜಗಳಕ್ಕೇ ನಿಂತೆ. ಜನರ ಮೂಗಿಗೆ ತುಪ್ಪ ಸವರುವ ಮಾತು ಎಷ್ಟು ವರ್ಷ ಹೇಳುತ್ತೀರಿ ಎಂದೆ.

"ಉಮೇದವಾರ ಹೇಳಂದಿದ್ದು ಹೇಳತೀನಿ. ಆದ್ರ ನೀರು ಅನ್ನೂ ಮದ್ಲ ಉಸಿರ ತಗೋತೀನಿ ನೋಡು, ಅದು ನಂದು" ಎಂದರು ಅಬ್ಬಾ. "ಅಷ್ಟರಾಗ ತಿಳಕೊಳ್ಳೋರು ತಿಳಕೋತಾರ."

ಆಗ ನನಗೆ ಅದು ಜಾಣತನದ ಮಾತು ಎನಿಸಿ ಇನ್ನಷ್ಟು ಸಿಟ್ಟು ಬಂದಿತ್ತು.

ಕಡೆಗೆ ಆ ಉಸಿರೇ ಕೈಕೊಟ್ಟಿತು. ಮಿರಜಿನ ದವಾಖಾನೆಗೆ ಒಯ್ದೆ. ಅಮ್ಮಾ ತಾನೂ ಬರುತ್ತೇನೆಂದಳು, ಬೇಡ, ನಾಳೆ ತಿರುಗಿ ಬಂದೇಬಿಡುತ್ತೇವೆ ಎಂದರು ಅಬ್ಬಾ. ಮರುದಿನ ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡೇ ಹೋದರು. ಎಳೆದ ಉಸಿರು ಹೊರಗೆ ಬರಲಿಲ್ಲ, ನಾನು ಕಣ್ಣಾರೆ ನೋಡಿದೆ. ಮನೆಗೆ ತಂದಾಗ ಅಮ್ಮಾ ಮುಖ ನೋಡಿದಳು, ಹಣೆ ಮುಟ್ಟಿದಳು. "ಭಾಳ ದಣದಾರ. ಮಲಗ್ಯಾರ" ಎಂದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಸತ್ತ ಸುದ್ದಿ ಕೇಳಿದವರೆಲ್ಲ ಹೇಳುವ ಅರಬ್ಬಿ ಮಾತನ್ನೂ ಹೇಳಲಿಲ್ಲ.

ನಮ್ಮಲ್ಲಿ ಗಂಡ ಸತ್ತ ಹೆಂಗಸು ಇದ್ದತ್ ಕೂರಬೇಕು. ನಾಲ್ಕು ತಿಂಗಳು ಹತ್ತು ದಿನ ಮನೆಯ ಹೊಸ್ತಿಲು ದಾಟುವಂತಿಲ್ಲ, ಬಳೆಯಿಲ್ಲ, ಸುರ್ಮಾ ಇಲ್ಲ, ಹೊರಗಿನ ಗಂಡಸರ ಎದುರು ಬರುವಂತಿಲ್ಲ. ಅಬ್ಬಾನ ಅಕ್ಕ, ನಾನು ಫುಪ್ಪು ಎಂದು ಕರೆಯುವವರು, ಇದನ್ನು ನಡೆಸಲೆಂದೇ ಬಂದು ನಮ್ಮ ಮನೆಯಲ್ಲಿ ಉಳಿದರು. ಅಮ್ಮಾ ಕೂರಲು ಆರಿಸಿಕೊಂಡದ್ದು ಗಾದಿಗಳ ಕೋಣೆಯನ್ನು. ಅಲ್ಲಿನ ಗೋಡೆಯ ಮೇಲೆ ಅಬ್ಬಾನ ಹಳೆಯ ಬಿಲ್ಲು ಇತ್ತು. ಯಂತ್ರ ಬರುವ ಮೊದಲು ಹತ್ತಿ ಹಿಂಜುತ್ತಿದ್ದದ್ದು ಅದರಿಂದಲೇ, ಆಳೆತ್ತರದ ಕಟ್ಟಿಗೆಗೆ ನರದ ತಂತಿ ಬಿಗಿದದ್ದು.

ಕೊತ್ತಂಬರಿ ಬಿಟ್ಟು ನಾನು ಓಡಿ ಬಂದ ದಿನ ಟೆಂಪೊ ನನಗಿಂತ ಮೊದಲೇ ಓಣಿ ಮುಟ್ಟಿತ್ತು. ಮಟಮಟ ಮಧ್ಯಾಹ್ನ. ನಮ್ಮ ಕಡೆ ಆ ಹೊತ್ತಿಗೆ ನಾಯಿಗಳೂ ನೆರಳು ಬಿಟ್ಟು ಏಳುವುದಿಲ್ಲ. ಖಾಲಿ ಪ್ಲಾಟುಗಳ ಕಲ್ಲುಗಳ ಮೇಲೆ ಅಬ್ಬಾನ ದನಿ ಸುತ್ತುತ್ತಿತ್ತು. ಒಳಗೆ ಹೋದರೆ ಫುಪ್ಪು ಕೋಣೆಯ ಬಾಗಿಲಲ್ಲಿ ನಿಂತು ಗೋಡೆಯ ಕಡೆ ಬೆರಳು ಮಾಡಿದರು. ಬಿಲ್ಲಿನ ತಂತಿ ತಾನಾಗಿ ಮಿಡಿಯುತ್ತಿತ್ತು. ಭೋಂಗಾದ ದನಿ ಏರಿದಾಗ ಗುಂಯ್ ಎಂದು ಏರುತ್ತಿತ್ತು, ಇಳಿದಾಗ ಇಳಿಯುತ್ತಿತ್ತು. ದೊಡ್ಡ ಸಪ್ಪಳಕ್ಕೆ ಬಿಗಿದ ತಂತಿ ಅದುರುತ್ತದೆ ಎಂದು ನಾನೇ ಮಕ್ಕಳಿಗೆ ವಿಜ್ಞಾನದ ಪಾಠ ಹೇಳುವವಳು. ಆದರೂ ಆ ತಂತಿಯನ್ನು ಕೈಯಿಂದ ಹಿಡಿದು ನಿಲ್ಲಿಸಲು ಮುಂದಾಗಲಿಲ್ಲ.

ಅಮ್ಮಾ ಮಾತ್ರ ಶಾಂತವಾಗಿದ್ದಳು. ಸ್ಟೋವಿನ ಮೇಲೆ ಚಹಾ ಇಟ್ಟಿದ್ದಳು, ಅಬ್ಬಾನ ಬಶಿ ಕಪ್ಪು ತೊಳೆದಿಟ್ಟಿದ್ದಳು.

"ಯಾರಿಗೆ ಚಹಾ?" ಎಂದೆ.

"ಕರದ್ರಲ್ಲ, ಕೇಳಲಿಲ್ಲೇನು?" ಎಂದಳು. "ಬಿಸಲಾಗ ತಿರಗಾಕತ್ತಾರ. ಗಂಟಲು ಒಣಗಿರತೈತಿ."

ಅದು ಹಳೆಯ ರೆಕಾರ್ಡು, ಹೆಸರಿನ ಜಾಗಕ್ಕೆ ಮಾತ್ರ ಬೇರೆಯವರ ದನಿ ಅಂಟಿಸಿದ್ದಾರೆ ಎಂದು ಬಿಡಿಸಿ ಹೇಳಿದೆ. ಕೇಳಿಸಿಕೊಂಡಳು, ತಲೆಯಾಡಿಸಿದಳು. ಚಹಾ ಆರಿ ಕೆನೆಗಟ್ಟಿ ತಣ್ಣಗಾಗುವವರೆಗೂ ಆ ಕಪ್ಪನ್ನು ಯಾರಿಗೂ ಮುಟ್ಟಗೊಡಲಿಲ್ಲ.

ಆಮೇಲೆ ದಿನವೂ ಇದೇ ನಡೆಯಿತು. ಒಂದು ಪಕ್ಷದ ಟೆಂಪೊ ಬೆಳಿಗ್ಗೆ, ಎದುರು ಪಕ್ಷದ್ದು ಮಧ್ಯಾಹ್ನ, ಹೊಲಿಗೆ ಮಷಿನ್ನಿನ ಗುರುತಿನ ಪಕ್ಷೇತರನೊಬ್ಬನದು ಇಳಿಹೊತ್ತಿಗೆ. ಎಲ್ಲದರಲ್ಲೂ ಅಬ್ಬಾ. ಎಲ್ಲರ ಬಳಿಯೂ ಹಳೆಯ ಮಾತುಗಳಿದ್ದವು, ಕತ್ತರಿಸಿ ಜೋಡಿಸುವುದು ಎಷ್ಟರ ಕೆಲಸ! ಒಂದು ದಿನ ಎರಡು ಟೆಂಪೊ ನಮ್ಮ ಮನೆ ಮುಂದಿನ ಕೂಡುರಸ್ತೆಯಲ್ಲಿ ಎದುರುಬದುರು ಸಿಕ್ಕಿಕೊಂಡವು. ಒಂದೂ ಹಿಂದೆ ಸರಿಯಲೊಲ್ಲದು. ಅಬ್ಬಾ ಆ ಕಡೆಯಿಂದ "ಇವರ ಅಸಲಿ" ಎನ್ನುತ್ತಿದ್ದರು, ಈ ಕಡೆಯಿಂದ "ಅವರು ನಕಲಿ" ಎನ್ನುತ್ತಿದ್ದರು. ಒಂದು ಭೋಂಗಾದಲ್ಲಿ ಮಾತು ನಿಂತು ಉಸಿರು ಎಳೆದರೆ, ಇನ್ನೊಂದು ಆ ಸಂದಿನಲ್ಲಿ "ನೀರು ಬರತೈತಿ" ಎಂದು ಮುಗಿಸುತ್ತಿತ್ತು. ಅಂಗಡಿಯ ಮುಂದಿನ ಗಂಡಸರು ಮೊದಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಟೋಪಿ ಸರಿಮಾಡಿಕೊಂಡು ಎದ್ದುಹೋದರು. ಕಿಟಕಿಯ ಪರದೆಯ ಹಿಂದೆ ನಿಂತ ಅಮ್ಮಾ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. "ನೋಡು ನಿಮ್ಮಪ್ಪನ ಆಟಾ. ಇಬ್ಬರ ಕಡೀನೂ ಹೋಗ್ಯಾರ!" ಎಂದಳು.

ಆ ನಗು ಕಂಡು ನಾನು ಕಿಟಕಿ ಮುಚ್ಚಿ ಒಳಗೆ ಹೋದೆ. ಫುಪ್ಪು ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಪಿಸುಗುಟ್ಟಿದರು: "ಅತ್ತಿಲ್ಲ ಅಕಿ. ಅಳದ ಇದ್ದ ಹೆಂಗಸು ಸತ್ತಾವನ ಬೆನ್ನ ಹತ್ತತಾಳ. ಕಣ್ಣಿಟ್ಟಿರು."

ಫುಪ್ಪುವಿನ ಮಾತು ನಾನು ಸಾಮಾನ್ಯವಾಗಿ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವವಳು. ಈ ಸಲ ಬಿಡಲಾಗಲಿಲ್ಲ. ಎರಡು ದಿನ ಬಿಟ್ಟು ಸಾಲೆಯಿಂದ ಬಂದಾಗ ಅಮ್ಮಾನ ಕೈತುಂಬ ಹಸಿರು ಬಳೆ. ಫುಪ್ಪು ಬಿಚ್ಚಿಸಿಟ್ಟಿದ್ದವನ್ನು ಟ್ರಂಕಿನಿಂದ ತೆಗೆದು ತೊಟ್ಟುಕೊಂಡಿದ್ದಳು. "ಅವರು ಊರಾಗ ಅದಾರ. ನಾ ಯಾಕ ಬರೇ ಕೈಲೆ ಕುಂಡ್ರಲಿ? ಭೋಂಗಾದಾಗ ನನ್ನ ಬಳಿ ಸಪ್ಪಳ ಬರತೈತಿ, ಕೈಯಾಗ ಬಳಿ ಇಲ್ಲಂದ್ರ ಜನಾ ಏನ ಅಂದಾರು?" ಎಂದು ಕೇಳಿದಳು. ಆ ಸಪ್ಪಳ ಭೋಂಗಾದಿಂದ ಬರುತ್ತಿದ್ದದ್ದು ನಿಜ.

ಅದರ ಮರುದಿನ ಫುಪ್ಪು ನಮಾಜಿಗೆ ಕೂತ ಹೊತ್ತಿನಲ್ಲಿ ಟೆಂಪೊ ಬಂತು. ನಮಾಜಿನ ಕೊನೆಯ ಸಲಾಮ್ ತಿರುಗಿಸಿ ನೋಡಿದರೆ ಅಮ್ಮಾ ಚಪ್ಪಲಿ ಹಾಕಿಕೊಂಡು ತಲೆಬಾಗಿಲ ಅಗಳಿಯ ಮೇಲೆ ಕೈಯಿಟ್ಟು ನಿಂತಿದ್ದಳಂತೆ. "ಕರಿಯಾಕತ್ತಾರ, ಎಷ್ಟ ಸಲಾ ಕರೀಬೇಕು?" ಎಂದಳಂತೆ. ನಮ್ಮ ಬಾಗಿಲ ಮುಂದೆ ಡಾಂಬರು ರಸ್ತೆ. ಲಾರಿಗಳು ಕಣ್ಣುಮುಚ್ಚಿ ಓಡುವ ರಸ್ತೆ. ಇವಳು ಆ ಟೆಂಪೊದ ಹಿಂದೆ ನಡೆಯತೊಡಗಿದರೆ ಎಲ್ಲಿಯವರೆಗೆ ನಡೆಯುತ್ತಾಳೋ! ನಾನು ರಜೆ ಹಾಕಿದೆ.

ಮೊದಲು ಹೋದದ್ದು ಮಧ್ಯಾಹ್ನದ ಟೆಂಪೊ ಕಳಿಸುತ್ತಿದ್ದ ಹೊಸ ಉಮೇದವಾರನ ಪ್ರಚಾರ ಕಚೇರಿಗೆ. ಈ ಉಮೇದವಾರ ರಾಜಕಾರಣಕ್ಕೆ ಬಂದದ್ದೇ ಅಬ್ಬಾ ಹೋದ ಮೇಲೆ. ಭೋಂಗಾದ ವ್ಯವಸ್ಥೆ ನೋಡಿಕೊಳ್ಳುವವನು ನನಗೆ ಖುರ್ಚಿ ಒರೆಸಿ ಕೊಟ್ಟ, ಚಹಾ ತರಿಸಿದ.

"ಬರ್ರಿ ಮೇಡಂ, ಕುಂದ್ರಿ. ನಿಮ್ಮ ತಂದಿ ಅಂದ್ರ ನಮಗ ಭಾಳ ಆದರ."

"ಆದರ ಇದ್ರ ಅವರ ದನಿ ಬಂದ ಮಾಡ್ರಿ. ನಮ್ಮ ತಾಯಿ ತಲಿ ಕೆಡಾಕತ್ತೈತಿ."

ಅವನ ಮುಖ ಬಾಡಿತು, ಕೆಟ್ಟವನಲ್ಲ. "ಆ ಪಕ್ಷದವ್ರು ಮದ್ಲ ಬಂದ ಮಾಡ್ಲಿ, ನಾವೂ ಮಾಡ್ತೀವ್ರಿ" ಎಂದ. ಆ ಪಕ್ಷದವರ ಹತ್ತಿರ ಹೋದೆ, ಅವರು ಇವರ ಕಡೆ ಬೆರಳು ತೋರಿಸಿದರು. ಪಕ್ಷೇತರ ಇಬ್ಬರ ಕಡೆಗೂ ತೋರಿಸಿದ. "ಮೂಡಣ ಭಾಗದಾಗ ಆ ದನಿ ಇಲ್ಲದ ಹೋದ್ರ ನಾಯಿನೂ ತಿರುಗಿ ನೋಡೂದಿಲ್ರಿ" ಎಂದು ಮೂವರೂ ಒಂದೇ ಮಾತು ಹೇಳಿದರು. ನಮ್ಮ ಕ್ಷೇತ್ರದಲ್ಲಿ ಮೂರೂ ಕಡೆಯವರು ಒಪ್ಪಿದ ಮಾತು ಇದೊಂದೇ ಇರಬೇಕು.

ವಾಪಸ್ ಹೊರಟಾಗ ಮೊದಲಿನವನು ಹಿಂದೆ ಓಡಿ ಬಂದ. ನನಗೆ ಸಮಾಧಾನವಾಗಲಿ ಎಂದೇ ಹೇಳಿದನೇನೋ. "ನಾಳಿಂದ ಹಳೇ ರೆಕಾರ್ಡಿಂಗ ಹಾಕೂದಿಲ್ರಿ ಮೇಡಂ. ಹೊಸಾದು ಮಾಡಿಸೇವಿ. ಹಳೇ ದನಿ ಕಂಪ್ಯೂಟರಿಗೆ ತಿನಿಸಿದ್ರ ಸಾಕು, ನಾವು ಬರದಿದ್ದು ತಾನ ಮಾತಾಡತೈತಿ. ಸಪ್ಪಳಾ ಗಿಪ್ಪಳಾ ಏನಿಲ್ಲ, ಭಾಳ ಕ್ಲೀನ್ ಐತಿ."

ಸತ್ತ ಮನುಷ್ಯ ಹಳೆಯ ಮಾತು ಆಡುವುದೇ ಸಾಲದೆಂದು ಹೊಸ ಮಾತೂ ಆಡತೊಡಗಿದನಲ್ಲ ಎಂದುಕೊಂಡು ಮನೆಗೆ ಬಂದೆ.

ಮರುದಿನ ಮಧ್ಯಾಹ್ನ ಊಟದ ತಾಟು ಎತ್ತುತ್ತಿದ್ದೆವು. ದೂರದಲ್ಲಿ, ಪ್ಲಾಟುಗಳ ಆಚೆ, ದನಿ ಎದ್ದಿತು. ಬಿಲ್ಲಿನ ತಂತಿಗೆ ನಮಗಿಂತ ಮೊದಲು ಗೊತ್ತಾಯಿತು. ಗುಂಯ್ ಎಂದಿತು. ಅಮ್ಮಾ ಎದ್ದಳು, ಸೆರಗು ಹೊದ್ದಳು, ಚಪ್ಪಲಿ ಮೆಟ್ಟಿದಳು. ನಾನು ಓಡಿಹೋಗಿ ಬಾಗಿಲಿಗೆ ಬೆನ್ನುಕೊಟ್ಟು ನಿಂತೆ.

"ಬಾಜೂಕ ಸರಿ" ಎಂದಳು.

"ಅಮ್ಮಾ, ಅವರಿಲ್ಲ."

"ಹುಚ್ಚಿ. ಕೇಳು."

ಕೇಳಿದೆ. ಆ ದನಿ ಎಷ್ಟು ಅಬ್ಬಾನದಾಗಿತ್ತೆಂದರೆ ನನಗೂ ಒಂದು ಗಳಿಗೆ ಬಾಗಿಲು ಬಿಟ್ಟು ಸರಿಯಬೇಕೆನಿಸಿತು. ಅದೇ ಗೊಗ್ಗರು, ಅದೇ ಎಳೆತ. ಅಬ್ಬಾ ಜೀವದಲ್ಲಿದ್ದಾಗ ಯಾರೂ ಕೇಳಿರದ ಒಂದು ಹೆಸರನ್ನು ಬಾಯಿತುಂಬ ಹೇಳಿತು. ನಮ್ಮ ಓಣಿಯ ಹೊಸ ಗಟಾರಿನ ಸುದ್ದಿ ಹೇಳಿತು, ಅದು ತೋಡಿದ್ದು ಅವರು ಹೋದ ಮೇಲೆ. ಟೆಂಪೊ ಬಾಗಿಲ ಮುಂದೆಯೇ ನಿಂತಿತು. "ತಾಯಂದಿರ, ಅಣ್ಣಂದಿರ, ಒಮ್ಮಿ ಹೊರಗ ಬರ್ರಿ, ನಿಮ್ಮ ಹೊಲಕ್ಕ ನೀರು ಬರತೈತಿ, ನಿಮ್ಮ ಮನಿಗಿ ನಳಾ ಬರತೈತಿ, ನಿಮ್ಮ ಓಣಿಗಿ ರಸ್ತಾ ಬರತೈತಿ, ನಿಮ್ಮ ಮಕ್ಕಳಿಗಿ ನೌಕರಿ ಬರತೈತಿ..."

ಅಮ್ಮಾ ನನ್ನನ್ನು ಪಕ್ಕಕ್ಕೆ ಸರಿಸಿ ಅಗಳಿ ತೆಗೆದಿದ್ದಳು. ಬಾಗಿಲು ಒಂದು ಗೇಣು ತೆರೆದಿತ್ತು, ಆ ಸಂದಿನಿಂದ ಬಿಸಿಲು ಅವಳ ಪಾದದ ಮೇಲೆ ಬಿದ್ದಿತ್ತು. ಒಂದು ಹೆಜ್ಜೆ ಇಡುವುದು ಬಾಕಿ. ಅವಳು ಇಡಲಿಲ್ಲ. ತಲೆ ಓರೆಮಾಡಿ, ಕಿವಿಯನ್ನು ಸಂದಿಗೆ ಕೊಟ್ಟು ನಿಂತಳು. ಹೊರಗೆ ಅಬ್ಬಾ ಹೇಳುತ್ತಲೇ ಇದ್ದರು, ಬರತೈತಿ, ಬರತೈತಿ, ಬರತೈತಿ. ನಾನು ಉಸಿರು ಬಿಗಿಹಿಡಿದಿದ್ದೇನೆ ಎಂಬುದು ಆಗ ನನಗೆ ಅರಿವಾಯಿತು. ಏನನ್ನೋ ಕಾಯುತ್ತಿದ್ದೆ. ಅದು ಬರುತ್ತಿರಲಿಲ್ಲ.

"ಉಸಿರ ತಗೊಳ್ಳವಲ್ರು" ಎಂದಳು ಅಮ್ಮಾ.

ಹೊರಗೆ ಮಾತು ಮುಗಿದು, ಮತ್ತೆ ಮೊದಲಿನಿಂದ ಶುರುವಾಯಿತು.

"ಎಷ್ಟೊತ್ತಾತು... ಉಸಿರ ತಗೊಳ್ಳವಲ್ರು." ಅವಳು ಬಾಗಿಲ ಸಂದಿನಿಂದ ಅಂಗೈಯನ್ನು ಹೊರಗೆ ಚಾಚಿದಳು. ಜೀವ ಇದೆಯೋ ಇಲ್ಲವೋ ಎಂದು ಮೂಗಿನ ಮುಂದೆ ಹಿಡಿಯುತ್ತಾರಲ್ಲ, ಹಾಗೆ. ಬಿಸಿಲಿನಲ್ಲಿ ಆ ಕೈ ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಕೈಯನ್ನು ಒಳಗೆ ತೆಗೆದುಕೊಂಡು, ಬಾಗಿಲು ಮುಚ್ಚಿ, ನನ್ನ ಮುಖ ನೋಡಿದಳು.

"ಹೋಗ್ಯಾರ" ಎಂದಳು.

ಮಿರಜಿನಿಂದ ಹೆಣ ತಂದ ದಿನ ಹೇಳಬೇಕಾಗಿದ್ದ ಮಾತನ್ನು ಈಗ ಹೇಳಿದಳು: ಇನ್ನಾ ಲಿಲ್ಲಾಹಿ. ನಾವೆಲ್ಲ ಅಲ್ಲಾನವರು, ಅವನ ಕಡೆಗೇ ತಿರುಗಿ ಹೋಗುವವರು. ಹೇಳಿ ಹೊಸ್ತಿಲ ಬಳಿ ಕೂತು ಎರಡೂ ಕೈಗಳನ್ನು ಅದರ ಕಲ್ಲಿಗೆ ಬಡಿದಳು. ಹಸಿರು ಗಾಜು ಚೂರುಚೂರಾಗಿ ನೆಲದ ತುಂಬ ಹಾರಿತು. ಆಮೇಲೆ ಅತ್ತಳು. ಅಂಥ ಅಳುವನ್ನು ನಾನು ಹಿಂದೆ ಕೇಳಿರಲಿಲ್ಲ. ನಾನೂ ಅತ್ತೆ, ಫುಪ್ಪುವೂ ಅತ್ತರು. ನನ್ನ ಎದೆಯ ಮೇಲಿದ್ದ ಚಪ್ಪಡಿ ಇಳಿದ ಹಾಗಾಯಿತು ಎಂದು ಹೇಳಲು ನನಗೆ ಸಂಕೋಚವಿಲ್ಲ. ಅಮ್ಮಾ ನನಗೆ ವಾಪಸ್ ಸಿಕ್ಕಿದ್ದಳು.

ಇಳಿಹೊತ್ತಿಗೆ ಮುಖ ತೊಳೆದು ಬಂದು, ಇವತ್ತಿನಿಂದ ತನ್ನ ಇದ್ದತ್ ಶುರು ಎಂದಳು. ಫುಪ್ಪು ದಿಗಿಲಾದರು. ಸತ್ತ ದಿನದಿಂದಲೇ ಎಣಿಕೆ, ಶರೀಯತ್ತಿನಲ್ಲಿ ಹಾಗೇ ಇದೆ, ಯಾರನ್ನು ಬೇಕಾದರೂ ಕೇಳು ಎಂದರು.

"ನಿಮ್ಮ ತಮ್ಮ ಆಗ ಸತ್ರು, ಅಕ್ಕಾ" ಎಂದಳು ಅಮ್ಮಾ. "ನನ್ನ ಗಂಡ ಇವತ್ತ ಸತ್ತಾರ."

ಇದಕ್ಕೆ ಯಾವ ಮೌಲ್ವಿ ಏನು ಹೇಳುತ್ತಾನೋ ನನಗೆ ಗೊತ್ತಿಲ್ಲ, ಕೇಳಲೂ ಹೋಗಲಿಲ್ಲ.

ಮತದಾನದ ದಿನ ನನಗೆ ಬಾಲಗಾಂವದಲ್ಲಿ ಡ್ಯೂಟಿ ಬಂತು. ಮಾಸ್ತರರನ್ನು ಬಿಟ್ಟರೆ ಸರಕಾರಕ್ಕೆ ಬೇರೆ ಯಾರು ಸಿಗುತ್ತಾರೆ! ಬೆರಳಿಗೆ ಶಾಯಿ ಹಚ್ಚುತ್ತಾ ಕೂತೆ. ಒಬ್ಬ ಮುದುಕಿ ಬೆರಳು ಚಾಚಿ ನನ್ನನ್ನು ಗುರುತು ಹಿಡಿದು, "ನಿಮ್ಮಪ್ಪ ಮೊನ್ನಿ ಬಂದಿದ್ದ ನೋಡವ್ವಾ. ಮರೀಬ್ಯಾಡಾ, ಹೊರಗ ಬಾ ಅಂತ ಹೇಳಿ ಹೋದ. ಅದಕ್ಕ ಬಂದೆ" ಎಂದಳು. ಅಬ್ಬಾ ತೀರಿಕೊಂಡದ್ದು ಅವಳಿಗೆ ಗೊತ್ತಿತ್ತೋ ಇಲ್ಲವೋ, ತಿಳಿಯಲಿಲ್ಲ. ಅಮ್ಮಾ ಆ ಸಲ ವೋಟು ಹಾಕಲಿಲ್ಲ. ಇದ್ದತ್ತಿನಲ್ಲೂ ವೋಟಿಗೆ ಹೋಗಬಹುದಂತೆ ಎಂದು ನೆರೆಯವರು ಹೇಳಿ ಕಳಿಸಿದ್ದರು. "ಯಾರು ಕರದಾರಂತ ಹೋಗ್ಲಿ?" ಎಂದು ಕೇಳಿದಳು.

ಹೊಸಬನೇ ಗೆದ್ದ. ಫಲಿತಾಂಶದ ದಿನ ಮಧ್ಯಾಹ್ನ ಗುಲಾಲು ಹಾರಿಸುತ್ತಾ ಮೆರವಣಿಗೆ ಊರು ಸುತ್ತಿತು. ನಾನು ಮನೆಯಲ್ಲಿದ್ದೆ. ಅಮ್ಮಾ ತಾನಾಗಿ ಇದ್ದತ್ ಹಿಡಿದಳೆಂದು ಫುಪ್ಪು ಅಷ್ಟೊತ್ತಿಗೆ ತಮ್ಮ ಊರಿಗೆ ಹೋಗಿದ್ದರು. ಅಮ್ಮಾ ಒಳಕೋಣೆಯಲ್ಲಿ ಬಿಳಿ ಸೀರೆಯುಟ್ಟು, ಅಬ್ಬಾ ಅರ್ಧಕ್ಕೆ ಬಿಟ್ಟ ಗಾದಿಯೊಂದಕ್ಕೆ ಹೊಲಿಗೆ ಹಾಕುತ್ತಿದ್ದಳು. ಡೊಳ್ಳು, ಪಟಾಕಿ ಎಲ್ಲ ಮುಂದೆ ಹೋದ ಮೇಲೆ ಹಿಂದೆ ಉಳಿದ ಟೆಂಪೊ ಒಂದು ನಮ್ಮ ಓಣಿಗೆ ತಿರುಗಿತು. "ತಾಯಂದಿರ, ಅಣ್ಣಂದಿರ, ನಿಮ್ಮ ಉಪಕಾರ ಮರಿಯೂದಿಲ್ಲ, ಒಮ್ಮಿ ಹೊರಗ ಬರ್ರಿ, ನಿಮ್ಮ ಮಾರಿ ನೋಡಿ ಹೋಗ್ತೀನಿ." ತಂತಿ ಗೋಡೆಯ ಮೇಲೆ ಗುಂಯ್ ಎಂದಿತು.

ಅಮ್ಮಾ ತಲೆ ಎತ್ತಲಿಲ್ಲ. ಸೂಜಿ ಹತ್ತಿಯೊಳಗೆ ಇಳಿದು ಮೇಲೆ ಬರುತ್ತಿತ್ತು.

ನಾನು ಅಬ್ಬಾನ ಕಡೆಯ ಉಸಿರು ಕಣ್ಣಾರೆ ನೋಡಿದವಳು. ಕಂಪ್ಯೂಟರಿನ ಆಟ ತಿಳಿದವಳು. ಅಳಬೇಕಾದ್ದೆಲ್ಲ ಅತ್ತು ಮುಗಿಸಿದ್ದೇನೆ ಎಂದುಕೊಂಡಿದ್ದೆ. ಆದರೆ ಮುಖ ನೋಡಿ ಹೋಗುತ್ತೇನೆ ಎಂಬ ಮಾತನ್ನು ಅಬ್ಬಾ ಹಿಂದೆಂದೂ ಯಾರ ಪರವಾಗಿಯೂ ಹೇಳಿರಲಿಲ್ಲ. ಅದು ಎರಡನೆಯ ಸಲ ಕೇಳಿದಾಗ ನಾನು ತಲೆಬಾಗಿಲಿಗೆ ಬಂದಿದ್ದೆ. ಅಗಳಿ ತೆಗೆದ ನೆನಪಿಲ್ಲ. ಬಿಸಿಲಿನಲ್ಲಿ ಗುಲಾಲಿನ ದೂಳು ಇನ್ನೂ ಇಳಿದಿರಲಿಲ್ಲ, ಟೆಂಪೊದ ಒಳಗೆ ಯಾರೂ ಕಾಣಿಸುತ್ತಿರಲಿಲ್ಲ.

"ಒಳಗ ಬಾ" ಎಂದಳು ಅಮ್ಮಾ, ಹೊಲಿಗೆಯಿಂದ ಕಣ್ಣೆತ್ತದೆ. "ಉಸಿರಿಲ್ಲದವರು ಕರದ್ರ ಹೋಗಬಾರದು."

ನನ್ನ ಒಂದು ಕಾಲು ಆಗಲೇ ಹೊಸ್ತಿಲ ಆಚೆಗಿತ್ತು.